ಓದುಗರ ಪ್ರಶ್ನೆಗಳು: ಮಾಯಾ ಜನರ ಆಚರಣೆಯ ಹಾಡುಗಳಲ್ಲಿ ರೂಪಕ

ಮೆಕ್ಸಿಕೊ ಮತ್ತು ಗ್ವಾಟೆಮಾಲಾ ದೇಶಗಳ ಮಾಯಾ ಜನರ ಪ್ರಾರ್ಥನೆಗಳ ಬಗ್ಗೆ ಕಳೆದ ಸಂಚಿಕೆಯಲ್ಲಿ ಪ್ರಕಟವಾದ ಚಿಕ್ಕ ಟಿಪ್ಪಣಿಯಲ್ಲಿ, ದೇವರ ಮುಂದೆ ಹಚ್ಚುವ ಮೇಣದಬತ್ತಿಯನ್ನು ಅವರು ರೊಟ್ಟಿ ಎಂದು ಎಣಿಸುತ್ತಾರೆ ಎಂಬ ಒಂದು ಮಾತಿತ್ತು. ಈ ಬಾರಿ ಬಂದಿರುವ ಪತ್ರಗಳಲ್ಲಿ ಹೆಚ್ಚಿನವು ಅದನ್ನೇ ಹಿಡಿದು ಕೇಳಿದಂಥವು. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಉತ್ತರಿಸಲಾಗಿದೆ.

ಪ್ರಶ್ನೆ: ಮೇಣದಬತ್ತಿಯನ್ನು ರೊಟ್ಟಿ ಎನ್ನುವುದು ಕವಿಸಮಯವೇ, ಅಥವಾ ಆ ಜನ ಅದನ್ನು ನಿಜವೆಂದೇ ನಂಬುತ್ತಾರೆಯೇ? ರೂಪಕವೆಂದು ಗೊತ್ತಾದ ಮೇಲೆ ನಂಬಿಕೆ ಉಳಿಯುವುದು ಹೇಗೆ?
— ಧಾರವಾಡದ ಓದುಗರೊಬ್ಬರು

ಉತ್ತರ: ಇವೆರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕಾದ ಇಕ್ಕಟ್ಟು ನಮ್ಮದು, ಹಾಡುವವರದ್ದಲ್ಲ. ಈ ನಂಬಿಕೆಯ ವಿವರವಾದ ದಾಖಲೆ ದೊರೆತಿರುವುದು ದಕ್ಷಿಣ ಮೆಕ್ಸಿಕೊದ ಚಿಯಾಪಸ್ ರಾಜ್ಯದ ಸಿನಾಕಾಂತಾನ್ ಎಂಬ ಬೆಟ್ಟದೂರಿನಿಂದ. ಹಾರ್ವರ್ಡ್ ವಿಶ್ವವಿದ್ಯಾಲಯದ ಮಾನವಶಾಸ್ತ್ರಜ್ಞ ಎವನ್ ವೋಗ್ಟ್ ಅವರು 1957ರಲ್ಲಿ ಆ ಪ್ರದೇಶದಲ್ಲಿ ಆರಂಭಿಸಿದ ಅಧ್ಯಯನ ದಶಕಗಳ ಕಾಲ ನಡೆಯಿತು. ಸಿನಾಕಾಂತಾನ್‌ನವರು ಆಡುವುದು ತ್ಸೋತ್ಸಿಲ್ ಎಂಬ ಮಾಯಾ ಭಾಷೆ. ಸುತ್ತಲಿನ ಬೆಟ್ಟಗಳ ಒಳಗೆ ತಮ್ಮ ಪೂರ್ವಜ ದೈವಗಳು ಮನೆ ಮಾಡಿಕೊಂಡಿದ್ದಾರೆ, ಅವರಿಗೂ ಹೊತ್ತುಹೊತ್ತಿಗೆ ಹಸಿವಾಗುತ್ತದೆ ಎಂಬುದು ಅವರ ತಿಳಿವಳಿಕೆ. ಬಿಳಿಯ ಮೇಣದಬತ್ತಿ ಆ ದೈವಗಳಿಗೆ ಮೆಕ್ಕೆಜೋಳದ ರೊಟ್ಟಿ. ಪ್ರಾಣಿಯ ಕೊಬ್ಬಿನಿಂದ ಮಾಡಿದ ಬತ್ತಿ ಮಾಂಸ. ಕೋಪಲ್ ಎಂಬ ಮರದ ಅಂಟನ್ನು ಸುಟ್ಟಾಗ ಏಳುವ ಹೊಗೆ ಸಿಗರೇಟು. ಇವುಗಳ ಜೊತೆಗೆ ಕಬ್ಬಿನ ಸಾರಾಯಿ. ಮನುಷ್ಯರ ಹಬ್ಬದೂಟದಲ್ಲಿ ಏನೇನು ಬಡಿಸಲಾಗುತ್ತದೆಯೋ ಅದೆಲ್ಲವೂ ಬೆಟ್ಟದ ಶಿಲುಬೆಯ ಮುಂದೆ ನಡೆಯುವ ಈ ಊಟದಲ್ಲಿಯೂ ಇರುತ್ತದೆ. ಬಡಿಸುವ ವಸ್ತು ಮಾತ್ರ ಬೇರೆ.

ಬತ್ತಿಯನ್ನು ಮನುಷ್ಯರು ತಿನ್ನಲಾರರು ಎಂಬುದು ಅಲ್ಲಿನ ಮಗುವಿಗೂ ಗೊತ್ತು. ಹಾಡಿನಲ್ಲಿ ಹೇಳುತ್ತಿರುವುದು ದೈವಗಳು ಏನನ್ನು ಉಣ್ಣುತ್ತವೆ ಎಂಬುದನ್ನು. ಅವು ಉಣ್ಣುವುದು ವಸ್ತುವನ್ನಲ್ಲ, ಉರಿದು ಕರಗುವಾಗ ಅದರಿಂದ ಬಿಡುಗಡೆಯಾಗುವ ಜೀವಸತ್ತ್ವವನ್ನು. ಆದ್ದರಿಂದ ಬತ್ತಿ ಉರಿದು ಮುಗಿಯುವವರೆಗೆ ಪ್ರಾರ್ಥನೆ ನಡೆಯುವುದಕ್ಕೆ ಅರ್ಥವಿದೆ: ಅತಿಥಿ ಉಣ್ಣುತ್ತಿರುವಷ್ಟು ಹೊತ್ತೂ ಆತಿಥೇಯ ಮಾತಾಡಿಸುತ್ತ ಕೂರಬೇಕು. ನನ್ನ ಮಟ್ಟಿಗೆ, ಇದನ್ನು ಸಂಕೇತ ಎಂದು ಕರೆಯುವುದಕ್ಕಿಂತ ನೈವೇದ್ಯದ ಲೆಕ್ಕ ಎಂದು ಕರೆಯುವುದು ಹೆಚ್ಚು ಸರಿ.

ನೆರೆಯ ಸಾನ್ ಹುವಾನ್ ಚಮೂಲಾದಲ್ಲಿ ಇನ್ನೊಂದು ಹೆಜ್ಜೆ ಮುಂದಿಡಲಾಗಿದೆ. ಅಲ್ಲಿ ಹಾಡೇ ನೈವೇದ್ಯ. ಗ್ಯಾರಿ ಗಾಸನ್ ಅವರು 1974ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಚಮೂಲಾದವರು ಮಾತಿನ ಬಗೆಗಳನ್ನು ಅವುಗಳ ಕಾವಿನಿಂದ ಅಳೆಯುತ್ತಾರೆ. ದಿನನಿತ್ಯದ ಮಾತು ತಣ್ಣನೆಯದು. ಸಿಟ್ಟು, ಭಾಷಣ, ನ್ಯಾಯತೀರ್ಮಾನದ ಮಾತು ಹೃದಯ ಕಾದಾಗ ಬರುವಂಥವು. ಪ್ರಾರ್ಥನೆ ಮತ್ತು ಹಾಡು ಎಲ್ಲಕ್ಕಿಂತ ಬಿಸಿಯಾದವು. ಅವರ ಪರಮದೈವವಾದ ಸೂರ್ಯ ಕಾವಿನ ಮೂಲವಾದ್ದರಿಂದ ಅವನಿಗೆ ಸಲ್ಲುವುದು ಕಾವುಳ್ಳದ್ದೇ: ಉರಿಯುವ ಬತ್ತಿ, ಹೊಗೆ, ಸಾರಾಯಿ, ತಂಬಾಕು ಮತ್ತು ಹಾಡು. ಹೀಗಾಗಿ ಹಾಡಿನಲ್ಲಿ ರೂಪಕದ ಮೇಲೆ ರೂಪಕ ಪೇರಿಸುವುದು ಚಂದಕ್ಕಾಗಿ ಅಲ್ಲ, ಮಾತಿನ ಕಾವನ್ನು ಏರಿಸುವುದಕ್ಕಾಗಿ.

ಮಾತಿಲ್ಲದೆಯೂ ರೂಪಕ ನಡೆಯುತ್ತದೆ ಎಂಬುದಕ್ಕೆ ಯುಕಾತಾನ್ ಪರ್ಯಾಯ ದ್ವೀಪದ ಚಾಚಾಕ್ ಎಂಬ ಮಳೆಯ ಆಚರಣೆಯನ್ನು ನೋಡಬಹುದು. ಕೊಂಬೆಗಳ ಕಮಾನು ಕಟ್ಟಿದ ಬಲಿಪೀಠದ ಮೇಲೆ ಜೋಳದ ದಪ್ಪ ರೊಟ್ಟಿಗಳನ್ನೂ, ಜೇನು ಮತ್ತು ಮರದ ತೊಗಟೆಯಿಂದ ಮಾಡಿದ ಬಾಲ್ಚೆ ಎಂಬ ಪಾನೀಯವನ್ನೂ ಇಟ್ಟು ಪುರೋಹಿತನು ಪ್ರಾರ್ಥನೆ ನಡೆಸುತ್ತಿರುವಾಗ, ಪೀಠದ ಕಾಲುಗಳ ಬಳಿ ಕುಳಿತ ಹುಡುಗರು ಕಪ್ಪೆಗಳಾಗಿ ವಟಗುಟ್ಟುತ್ತಾರೆ. ಮಳೆ ಬರುವ ಮುನ್ನ ಕೇಳಿಸುವ ಸದ್ದನ್ನು ಅವರು ಮಳೆಗಿಂತ ಮೊದಲೇ ಅಲ್ಲಿಗೆ ತಂದಿರುತ್ತಾರೆ. ಮಳೆದೈವ ಚಾಕ್‌ನ ಪಾತ್ರ ವಹಿಸಿದವನ ಕೈಯಲ್ಲಿ ಮಿಂಚಿಗೆ ಮರದ ಕತ್ತಿಯೂ ನೀರಿಗೆ ಸೋರೆಬುರುಡೆಯೂ ಇರುತ್ತವೆ.

ಪ್ರಶ್ನೆ: ಈ ಪ್ರಾರ್ಥನೆಗಳ ಅನುವಾದಗಳನ್ನು ಓದಲು ಹೋದರೆ ಪ್ರತಿಯೊಂದು ಮಾತೂ ಎರಡೆರಡು ಬಾರಿ ಬಂದು ಬೇಸರವಾಗುತ್ತದೆ. ಈ ಪುನರುಕ್ತಿಗೆ ಕಾರಣವೇನು?
— ಶಿವಮೊಗ್ಗದ ಓದುಗರೊಬ್ಬರು

ಉತ್ತರ: ಬೇಸರವಾಗುವುದು ಸಹಜ, ಏಕೆಂದರೆ ಹಾಡಬೇಕಾದುದನ್ನು ನೀವು ಮೌನವಾಗಿ ಓದುತ್ತಿದ್ದೀರಿ. ಆದರೆ ಅಲ್ಲಿ ನಡೆಯುತ್ತಿರುವುದು ಬರಿಯ ಪುನರುಕ್ತಿಯಲ್ಲ. ಎರಡನೆಯ ಸಾಲು ಮೊದಲ ಸಾಲಿನ ಕಟ್ಟನ್ನು ಹಾಗೆಯೇ ಉಳಿಸಿಕೊಂಡು ಒಂದು ಪದವನ್ನು ಮಾತ್ರ ಬದಲಿಸುತ್ತದೆ; ಆ ಎರಡು ಪದಗಳು ಸೇರಿದಾಗ, ಎರಡರಲ್ಲಿಯೂ ಇಲ್ಲದ ಮೂರನೆಯ ಅರ್ಥವೊಂದು ಹುಟ್ಟುತ್ತದೆ. ನಾವು ‘ಹೊಲಮನೆ’ ಎಂದಾಗ ಹೊಲವನ್ನೂ ಮನೆಯನ್ನೂ ಎಣಿಸದೆ ಒಬ್ಬನ ಬದುಕಿನ ಆಸ್ತಿಯನ್ನೆಲ್ಲ ಒಟ್ಟಾಗಿ ಹೇಳುತ್ತೇವಲ್ಲ, ಆ ಬಗೆಯದು. ಮೆಕ್ಸಿಕೊದ ವಿದ್ವಾಂಸ ಆಂಖೆಲ್ ಮರಿಯಾ ಗರಿಬಾಯ್ ಅವರು ಆಜ್ಟೆಕ್ ಜನರ ನಾವಾತ್ಲ್ ಭಾಷೆಯ ಕಾವ್ಯದಲ್ಲಿ ಈ ತಂತ್ರವನ್ನು ಗುರುತಿಸಿ ಅದಕ್ಕೊಂದು ಹೆಸರನ್ನೂ ಕೊಟ್ಟರು. ಅಲ್ಲಿ ‘ಹೂವು, ಹಾಡು’ ಎಂದರೆ ಕಾವ್ಯ. ಮಾಯಾ ಭಾಷೆಗಳಲ್ಲಿ ಇದು ಅಷ್ಟೇ ಹಳೆಯದು, ಅಷ್ಟೇ ದಟ್ಟವಾದದ್ದು.

ತ್ಸೋತ್ಸಿಲ್ ಪ್ರಾರ್ಥನೆಯಲ್ಲಿ ರೋಗಿ ತನ್ನ ದೇಹವನ್ನು ‘ನನ್ನ ಮಣ್ಣು, ನನ್ನ ಕೆಸರು’ ಎನ್ನುತ್ತಾನೆ. ರಕ್ಷಣೆ ಬೇಡುವಾಗ ‘ನನ್ನ ಬೆನ್ನಿಗೆ, ನನ್ನ ಪಕ್ಕೆಗೆ’ ಎನ್ನುತ್ತಾನೆ. ಕಣ್ಣಿಗೆ ಕಾಣದ ಕಡೆಯಿಂದ ಬರುವ ಆಪತ್ತಿಗೇ ಕಾವಲು ಬೇಕಾದದ್ದು ತಾನೆ? ಗ್ವಾಟೆಮಾಲಾದ ಕಿಚೆ ಭಾಷೆಯಲ್ಲಿ ‘ಬೆಟ್ಟ, ಬಯಲು’ ಎಂದರೆ ಇಡೀ ಭೂಮಿ. ದಿನಗಳ ಎಣಿಕೆಯನ್ನು ಬಲ್ಲ ಪುರೋಹಿತನನ್ನು, ಅವನು ಗಂಡಸಾದರೂ, ‘ತಾಯಿ, ತಂದೆ’ ಎಂದು ಕರೆಯುತ್ತಾರೆ. ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದಿನ ಶಿಲಾಶಾಸನಗಳಲ್ಲಿ ‘ಚಕಮಕಿ ಕಲ್ಲು, ಗುರಾಣಿ’ ಎಂದರೆ ಯುದ್ಧ ಅಥವಾ ಸೈನ್ಯ. ‘ಆಕಾಶ, ಗವಿ’ ಎಂದರೆ ಒಬ್ಬ ಅರಸನ ನೆಲೆ.

ಈ ಜೋಡಿಗಳಲ್ಲಿ ನನಗೆ ಎಲ್ಲಕ್ಕಿಂತ ಆಳವಾದದ್ದೆಂದು ತೋರುವುದು ಪೋಪೋಲ್ ವೂ ಎಂಬ ಕಿಚೆ ಪುರಾಣದಲ್ಲಿ ಮತ್ತೆ ಮತ್ತೆ ಬರುವ ‘ಬಿತ್ತನೆ, ಬೆಳಗು’ ಎಂಬುದು. ಹದಿನಾರನೆಯ ಶತಮಾನದ ಮಧ್ಯಭಾಗದಲ್ಲಿ ಕಿಚೆ ಕುಲೀನರು ಲ್ಯಾಟಿನ್ ಲಿಪಿಯಲ್ಲಿ ಬರೆದಿಟ್ಟ ಈ ಕೃತಿ ಇಂದು ಉಳಿದಿರುವುದು, ಚಿಚಿಕಾಸ್ತೆನಾಂಗೊ ಎಂಬ ಊರಿನಲ್ಲಿ ಫ್ರಾನ್ಸಿಸ್ಕೊ ಹಿಮೆನೆಸ್ ಎಂಬ ಪಾದ್ರಿ ಹದಿನೆಂಟನೆಯ ಶತಮಾನದ ಆರಂಭದಲ್ಲಿ ಮಾಡಿಕೊಂಡ ಪ್ರತಿಯ ಮೂಲಕ. ಆ ಪ್ರತಿ ಈಗ ಷಿಕಾಗೊದ ನ್ಯೂಬೆರಿ ಗ್ರಂಥಾಲಯದಲ್ಲಿದೆ. ಬಿತ್ತುವುದೆಂದರೆ ಬೀಜವನ್ನು ಮಣ್ಣಿಗೆ ಹಾಕುವುದು, ಗರ್ಭ ನಿಲ್ಲುವುದು, ಸತ್ತವರನ್ನು ಹೂಳುವುದು. ಬೆಳಗೆಂದರೆ ಮೊಳಕೆ, ಹೆರಿಗೆ, ಕತ್ತಲೆಯಿಂದ ಮೇಲೇಳುವ ಸೂರ್ಯ. ಈ ಎರಡು ಪದಗಳನ್ನು ಒಟ್ಟಿಗೆ ಉಚ್ಚರಿಸಿದವನು ಬೆಳೆಯ ಮಾತಾಡುತ್ತಿದ್ದಾನೆಯೇ ಸಾವಿನ ಮಾತಾಡುತ್ತಿದ್ದಾನೆಯೇ ಎಂದು ಬಿಡಿಸಿ ಕೇಳುವುದಕ್ಕೆ ಅಲ್ಲಿ ಎಡೆಯೇ ಇಲ್ಲ. ಕಥೆಯೂ ಹಾಗೆಯೇ ನಡೆಯುತ್ತದೆ: ಅವಳಿ ವೀರರಾದ ಹುನಾಪು ಮತ್ತು ಶ್ಬಲಂಕೆ ಪಾತಾಳಕ್ಕೆ ಹೊರಡುವ ಮೊದಲು ಅಜ್ಜಿಯ ಮನೆಯ ನಡುವೆ ಜೋಳದ ಪೈರನ್ನು ನೆಟ್ಟು ಹೋಗುತ್ತಾರೆ, ಅವರು ಅಲ್ಲಿ ಬೆಂಕಿಯಲ್ಲಿ ಸತ್ತಾಗ ಪೈರು ಒಣಗುತ್ತದೆ, ಮತ್ತೆ ಹುಟ್ಟಿದಾಗ ಚಿಗುರುತ್ತದೆ, ಅಜ್ಜಿ ಅದರ ಮುಂದೆ ಕೋಪಲ್ ಧೂಪ ಹಾಕುತ್ತಾಳೆ. ಮನುಷ್ಯರನ್ನು ಹಳದಿ ಮತ್ತು ಬಿಳಿಯ ಜೋಳದ ಹಿಟ್ಟಿನಿಂದಲೇ ಮಾಡಲಾಯಿತೆಂದು ಹೇಳುವ ಗ್ರಂಥದಲ್ಲಿ ಪೈರು ಮನುಷ್ಯನಿಗೆ ಉಪಮಾನವಾಗಿ ಬರುವುದಿಲ್ಲ, ಬಂಧುವಾಗಿ ಬರುತ್ತದೆ.

ಪ್ರಶ್ನೆ: ಜಾಗ್ವಾರ್, ಹಾವು, ಕ್ವೆಟ್ಜಲ್ ಹಕ್ಕಿ ಮುಂತಾದ ಸಂಕೇತಗಳಿಗೆ ಏನೇನು ಅರ್ಥ ಎಂಬ ಪಟ್ಟಿಯೊಂದನ್ನು ಕೊಡುವಿರಾ?
— ಮಂಗಳೂರಿನ ಓದುಗರೊಬ್ಬರು

ಉತ್ತರ: ಕೊಡುವುದಿಲ್ಲ, ಅಂಥ ಪಟ್ಟಿ ದಾರಿ ತಪ್ಪಿಸುತ್ತದೆ. ಜಾಗ್ವಾರ್ ಎಂದರೆ ಶಕ್ತಿ, ರಾಜತ್ವ ಎಂದು ಎಲ್ಲ ಕೈಪಿಡಿಗಳೂ ಹೇಳುತ್ತವೆ. ಅರಸರು ಅದರ ಚರ್ಮ ಹೊದ್ದರು, ಅದರ ಹೆಸರನ್ನು ಇಟ್ಟುಕೊಂಡರು, ಅದು ನಿಜ. ಆದರೆ ಚಿಯಾಪಸ್‌ನ ತ್ಸೋತ್ಸಿಲ್ ಜನ ಹಬ್ಬಗಳಲ್ಲಿ ಹಾರ್ಪ್ ಮತ್ತು ಗಿಟಾರಿನೊಡನೆ ಹಾಡಿ ಕುಣಿಯುವ ‘ಬೊಲೊಮ್ ಚೊನ್’ ಎಂಬ ಜಾಗ್ವಾರ್ ಹಾಡಿನಲ್ಲಿ, ಆಕಾಶದಲ್ಲಿಯೂ ಭೂಮಿಯಲ್ಲಿಯೂ ಇರುವ ಅದೇ ಪ್ರಾಣಿಯ ಉದ್ದನೆಯ ಮೀಸೆಯನ್ನೂ ಕುಂಟುಗಾಲನ್ನೂ ಕಂಡು ನಗುವ ಸಲಿಗೆಯಿದೆ. ಇನ್ನು ಯುಕಾತಾನ್‌ನ ಚುಮಾಯೆಲ್ ಎಂಬ ಊರಿನ ಚಿಲಾಮ್ ಬಲಾಮ್ ಗ್ರಂಥದಲ್ಲಿ (ವಸಾಹತು ಕಾಲದಲ್ಲಿ ಅಲ್ಲಿನ ಊರುಗಳವರು ಮಾಯಾ ಭಾಷೆಯಲ್ಲಿ ಬರೆದಿಟ್ಟುಕೊಂಡ ಭವಿಷ್ಯ, ಪುರಾಣಗಳ ಪುಸ್ತಕಗಳಲ್ಲೊಂದು ಇದು), ಊರ ಮುಖ್ಯಸ್ಥನಾಗಲು ಬಂದವನು ನಿಜವಾದ ವಂಶಸ್ಥನೇ ಎಂದು ಪರೀಕ್ಷಿಸುವ ಒಗಟುಗಳಿವೆ. ಅವುಗಳಲ್ಲೊಂದರಲ್ಲಿ, ಎದೆಯ ನಡುವೆ ಈಟಿ ನೆಟ್ಟ, ಮೇಲೆ ಕುಳಿತ ಹಸಿರು ಜಾಗ್ವಾರ್ ರಕ್ತ ಕುಡಿಯುತ್ತಿರುವ ಸೂರ್ಯನನ್ನು ತರುವಂತೆ ಕೇಳಲಾಗುತ್ತದೆ. ತರಬೇಕಾದುದು ಹುರಿದ ಮೊಟ್ಟೆ. ಈಟಿಯೆಂದರೆ ಅದರ ಮೇಲೆ ಮಾಡಿದ ಶಿಲುಬೆಯ ಗುರುತು. ಜಾಗ್ವಾರ್ ಎಂದರೆ ಹಸಿಮೆಣಸಿನಕಾಯಿ. ಇದು ಹಾಡಲ್ಲ, ವಿಚಾರಣೆ. ಆದರೂ ಕೈಪಿಡಿಯನ್ನು ನಂಬಿ ಹೋದ ಅಭ್ಯರ್ಥಿ ಇಲ್ಲಿ ಖಂಡಿತ ಅನುತ್ತೀರ್ಣನಾಗುತ್ತಿದ್ದ.

ಪ್ರಶ್ನೆ: ನಮ್ಮ ಮಯಾಸುರನಿಗೂ ವೇದಾಂತದ ಮಾಯೆಗೂ ಈ ಮಾಯಾ ಜನರಿಗೂ ಸಂಬಂಧವಿದೆಯೇ?
— ಹೆಸರು ತಿಳಿಸದ ಓದುಗರು

ಉತ್ತರ: ಇಲ್ಲ. ಉಚ್ಚಾರದ ಹೋಲಿಕೆ ಕೇವಲ ಆಕಸ್ಮಿಕ. ಸುಮಾರು 30 ಭಾಷೆಗಳ ಒಂದು ಕುಟುಂಬಕ್ಕೆ ಮತ್ತು ಅವುಗಳನ್ನು ಆಡುವವರಿಗೆ ಇಂದು ಒಟ್ಟಾಗಿ ಬಳಸುವ ಈ ಹೆಸರು ಯುಕಾತಾನ್ ಪ್ರದೇಶದ್ದು.

ಪ್ರಶ್ನೆ: ಮಾಯಾ ಜನರಲ್ಲಿ ರೋಗ ವಾಸಿ ಮಾಡುವ ಮಂತ್ರಗಳಿದ್ದವೆಂದು ಕೇಳಿದ್ದೇನೆ. ಅವುಗಳಲ್ಲಿಯೂ ಇಂಥ ರೂಪಕಗಳು ಇವೆಯೇ?
— ಸಿರಸಿಯ ಓದುಗರೊಬ್ಬರು

ಉತ್ತರ: ಅಲ್ಲಿ ಇರುವಷ್ಟು ಬೇರೆಲ್ಲಿಯೂ ಇಲ್ಲವೆನ್ನಬೇಕು. ‘ಬಕಾಬರ ವಿಧಿ’ ಎಂಬ ಅರ್ಥದ ಹೆಸರಿನಿಂದ ಪ್ರಸಿದ್ಧವಾದ ಯುಕಾತೆಕ್ ಮಾಯಾ ಭಾಷೆಯ ಹಸ್ತಪ್ರತಿಯೊಂದು ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿದೆ. ವಸಾಹತು ಕಾಲದಲ್ಲಿ ಲ್ಯಾಟಿನ್ ಲಿಪಿಯಲ್ಲಿ ಬರೆದ, ಜ್ವರ, ಸೆಳವು, ಸುಟ್ಟ ಗಾಯ, ಹೆರಿಗೆಯ ತೊಂದರೆ ಮುಂತಾದವುಗಳಿಗೆ ಹೇಳುವ ಹತ್ತಾರು ಮಂತ್ರಗಳು ಇದರಲ್ಲಿವೆ. ರಾಲ್ಫ್ ರಾಯ್ಸ್ ಅವರು 1965ರಲ್ಲಿ ಇದನ್ನು ಇಂಗ್ಲಿಷಿಗೆ ತಂದರು. ಬಕಾಬರು ಆಕಾಶದ ನಾಲ್ಕು ಮೂಲೆಗಳನ್ನು ಎತ್ತಿ ಹಿಡಿದ ನಾಲ್ವರು ಸಹೋದರರೆಂದು ಹದಿನಾರನೆಯ ಶತಮಾನದಲ್ಲಿ ಬರೆದಿಟ್ಟವರು ದಿಯೆಗೊ ದೆ ಲಾಂದಾ. 1562ರಲ್ಲಿ ಮಾನಿ ಎಂಬ ಊರಿನಲ್ಲಿ ಮಾಯಾ ಪುಸ್ತಕಗಳನ್ನು ಸುಡಿಸಿದ ಪಾದ್ರಿಯೂ ಅವರೇ. ಅವರಿಗೆ ಸಿಕ್ಕಿದ್ದನ್ನು ಸುಟ್ಟ ಮೇಲೆಯೂ, ಅವರ ಕಾಲ ಮುಗಿದ ಎಷ್ಟೋ ದಿನಗಳ ಬಳಿಕವೂ, ಕ್ರೈಸ್ತ ಛಾಯೆ ತೀರ ವಿರಳವಾಗಿರುವ ಈ ಮಂತ್ರಗಳನ್ನು ಯಾರೋ ಪ್ರತಿ ಮಾಡಿಕೊಳ್ಳುತ್ತಲೇ ಇದ್ದರು.

ಈ ಮಂತ್ರಗಳಲ್ಲಿ ರೋಗವೆಂದರೆ ಹುಟ್ಟಿ ಬಂದ ಒಂದು ಜೀವಿ. ಅದಕ್ಕೆ ಹೆತ್ತವರಿದ್ದಾರೆ, ಹುಟ್ಟಿದ ದಿನವಿದೆ, ಅದರದೇ ಮರವಿದೆ, ಹಕ್ಕಿಯಿದೆ. ಮಂತ್ರವಾದಿ ಅದನ್ನು ಎದುರಿಗೆ ನಿಲ್ಲಿಸಿಕೊಂಡು ಯಾರಿಗೆ ಹುಟ್ಟಿದೆ, ಎಲ್ಲಿಂದ ಬಂದೆ ಎಂದು ವಿಚಾರಿಸುತ್ತಾನೆ, ಬೈಯುತ್ತಾನೆ, ವಂಶಾವಳಿಯನ್ನು ಒಂದೊಂದಾಗಿ ಎತ್ತಿ ಹೇಳುತ್ತಾನೆ. ಮಕಾವ್ ಗಿಣಿಯ ಹೆಸರಿನಿಂದಲೇ ಕರೆಯುವ ಸೆಳವಿನ ರೋಗವೂ ಒಂದಿದೆ. ಮೂಲವನ್ನು ಬಯಲು ಮಾಡಿದ ಮೇಲೆ ರೋಗಕ್ಕೆ ಅಡಗಿಕೊಳ್ಳಲು ಜಾಗ ಉಳಿಯುವುದಿಲ್ಲ. ಇದೆಲ್ಲವೂ ನಾಲ್ಕು ಬಣ್ಣಗಳಲ್ಲಿ ನಾಲ್ಕು ಸಲ ನಡೆಯುವುದುಂಟು: ಪೂರ್ವಕ್ಕೆ ಕೆಂಪು, ಉತ್ತರಕ್ಕೆ ಬಿಳಿ, ಪಶ್ಚಿಮಕ್ಕೆ ಕಪ್ಪು, ದಕ್ಷಿಣಕ್ಕೆ ಹಳದಿ. ಬಣ್ಣಗಳನ್ನು ಕ್ರಮವಾಗಿ ಹೇಳಿ ಮುಗಿಸುವಷ್ಟರಲ್ಲಿ ಮಂತ್ರವಾದಿ ಕುಳಿತಲ್ಲಿಯೇ ಜಗತ್ತನ್ನು ಒಂದು ಸುತ್ತು ಹಾಕಿ, ರೋಗ ಹೊಕ್ಕಿರಬಹುದಾದ ಎಲ್ಲ ದಿಕ್ಕುಗಳನ್ನೂ ಮುಚ್ಚಿರುತ್ತಾನೆ.

ಬೆಂಕಿಯನ್ನು ತಣಿಸುವ ಮಂತ್ರವನ್ನು ಬಿಡಿಯಾಗಿ ಹೇಳಬೇಕು. ಅದರಲ್ಲಿ ಮಂತ್ರವಾದಿ ದೇವರನ್ನು ಬೇಡುವುದಿಲ್ಲ; ತನ್ನ ಕಾಲು ತಣ್ಣಗಿದೆ, ತನ್ನ ಕೈ ತಣ್ಣಗಿದೆ ಎಂದು ಸಾರಿ, ಬೇರೆ ಬೇರೆ ಬಣ್ಣದ ಆಲಿಕಲ್ಲುಗಳನ್ನು ತನ್ನವೆಂದು ಕರೆಯುತ್ತಾನೆ. ಚಮೂಲಾದಲ್ಲಿ ಮಾತನ್ನು ಕಾಯಿಸುವ ಹಾಡುಗಾರನಿಗೂ ಇಲ್ಲಿ ಮಾತಿನಿಂದ ತಣಿಸುವ ಮಂತ್ರವಾದಿಗೂ ನಡುವೆ ದೂರವೂ ಕಾಲವೂ ಬಹಳ ಇವೆ, ಭಾಷೆಯೂ ಬೇರೆ. ಆದರೆ ಮಾತಿಗೆ ತಾಪಮಾನವಿದೆ ಎಂಬ ವಿಷಯದಲ್ಲಿ ಇಬ್ಬರಿಗೂ ಸಂಶಯವಿದ್ದಂತಿಲ್ಲ.

ಪ್ರಶ್ನೆ: ಮರದ ಅಂಟನ್ನು ಸುಡುವುದಕ್ಕೆ ಇಷ್ಟೊಂದು ಮಹತ್ವ ಏಕೆ? ಹಾಗೆಯೇ, ಹೂವಿನ ಸಂಕೇತದ ಬಗ್ಗೆಯೂ ತಿಳಿಸಿ.
— ಮೈಸೂರಿನ ಓದುಗರೊಬ್ಬರು

ಉತ್ತರ: ಅಂಟು ಮರದ ರಕ್ತ. ಪೋಪೋಲ್ ವೂ ಪುರಾಣದಲ್ಲಿ ಇದಕ್ಕೊಂದು ಕಥೆಯೇ ಇದೆ. ಅವಳಿ ವೀರರ ತಾಯಿ ಪಾತಾಳದ ಒಡೆಯರೊಬ್ಬರ ಮಗಳು. ಅವಳ ಹೆಸರಿನಲ್ಲೇ ರಕ್ತವಿದೆ. ಮದುವೆಯಾಗದೆ ಬಸುರಾದಳೆಂದು ಅವಳ ಹೃದಯವನ್ನು ಕಿತ್ತು ತರಲು ಒಡೆಯರು ಗೂಬೆಗಳನ್ನು ಕಳಿಸುತ್ತಾರೆ. ಅವಳು ಗೂಬೆಗಳನ್ನು ಒಲಿಸಿಕೊಂಡು, ಕೆಂಪು ರಸ ಸುರಿಸುವ ಮರವೊಂದರ ಅಂಟನ್ನು ಪಾತ್ರೆಯಲ್ಲಿ ಹಿಡಿದು, ಅದು ಹೃದಯದ ಆಕಾರಕ್ಕೆ ಹೆಪ್ಪುಗಟ್ಟಿದ ಮೇಲೆ ಕಳಿಸುತ್ತಾಳೆ. ಒಡೆಯರು ಅದನ್ನು ಬೆಂಕಿಗೆ ಹಿಡಿದಾಗ ಬಂದ ಕಂಪಿಗೆ ಮರುಳಾಗಿ ಕುಳಿತಿರುತ್ತಾರೆ, ಅವಳು ಮೇಲಿನ ಲೋಕಕ್ಕೆ ದಾಟಿಕೊಳ್ಳುತ್ತಾಳೆ. ಮನುಷ್ಯನ ಹೃದಯದ ಬದಲಿಗೆ ಮರದ ಅಂಟು ಸಲ್ಲುತ್ತದೆ ಎಂಬ ಒಪ್ಪಂದ ಇಲ್ಲಿ ಮೋಸದ ರೂಪದಲ್ಲಿ ಹುಟ್ಟುತ್ತದೆ.

ಹೂವಿನ ವಿಷಯಕ್ಕೆ ಬಂದರೆ, ಯುಕಾತಾನ್‌ನ ಹಾಡುಗಳ ಹೂವು ನಿಕ್ತೆ, ಅಂದರೆ ನಮ್ಮ ದೇವಸ್ಥಾನಗಳ ಅಂಗಳದಲ್ಲಿ ಬೆಳೆಯುವ ದೇವಕಣಗಿಲೆ. ಈ ಗಿಡದ ತವರು ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದ ಕಡೆಯೇ. ನಮ್ಮಲ್ಲಿಗೆ ಅದು ಅಲ್ಲಿಂದ ಬಂದದ್ದು. ನಮ್ಮಲ್ಲಿ ಪೂಜೆಗೆ ಸಂದ ಹೂವು ಅಲ್ಲಿ ಕಾಮದ ಗುರುತು. ಚಿಲಾಮ್ ಬಲಾಮ್ ಗ್ರಂಥಗಳು ಸಡಿಲ ನಡತೆಯನ್ನು ಹಳಿಯುವಾಗಲೂ ಇದೇ ಹೂವನ್ನು ಹೆಸರಿಸುತ್ತವೆ. ಆಲ್ಫ್ರೆಡೊ ಬರೇರಾ ವಾಸ್ಕೆಸ್ ಅವರು 1965ರಲ್ಲಿ ಪ್ರಕಟಿಸಿದ, ಜಿತ್ಬಾಲ್ಚೆ ಎಂಬ ಊರಿನ ಹಾಡುಗಳಲ್ಲಿ ಒಂದು ಈ ಹೂವಿನ ಹೆಸರಿನದೇ: ಚಂದ್ರ ನಡುನೆತ್ತಿಗೆ ಬಂದ ರಾತ್ರಿಯಲ್ಲಿ ಹೆಂಗಸರು ಕಾಡಿನ ಕಲ್ಲುಹೊಂಡದ ಬಳಿ ಸೇರಿ, ಬಟ್ಟೆ ಕಳಚಿ, ಹೂವು ಮತ್ತು ಧೂಪಗಳೊಂದಿಗೆ ಪ್ರೇಮದ ಆಚರಣೆ ನಡೆಸುತ್ತಾರೆ. ಈ ಸಂಗ್ರಹದ ಕಾಲದ ಬಗ್ಗೆ ವಿವಾದವಿದೆ, ಅದರ ಪ್ರಾಚೀನತೆಯನ್ನೇ ಶಂಕಿಸಿದವರೂ ಇದ್ದಾರೆ. ಆದ್ದರಿಂದ ಇದನ್ನು ಕಾವ್ಯವಾಗಿ ಸವಿಯಬಹುದು. ಪ್ರಾಚೀನ ಆಚರಣೆಗೆ ಇದೊಂದನ್ನೇ ಸಾಕ್ಷಿಯಾಗಿ ನಿಲ್ಲಿಸುವುದು ಸರಿಯಲ್ಲ.

ಪ್ರಶ್ನೆ: ಈಗಿನ ಪ್ರಾರ್ಥನೆಗಳಲ್ಲಿ ಯೇಸು, ಸಂತರು, ಗಿಟಾರು ಎಲ್ಲವೂ ಇರುವಾಗ ಅವುಗಳನ್ನು ಮಾಯಾ ಎನ್ನುವುದು ಎಷ್ಟು ಸರಿ? ಹಳೆಯ ಹಾಡುಗಳು ಯಾವುವಾದರೂ ಉಳಿದಿವೆಯೇ?
— ಬೆಂಗಳೂರಿನ ಓದುಗರೊಬ್ಬರು

ಉತ್ತರ: ಚಮೂಲಾದ ಚರ್ಚಿಗೆ ಹೋದರೆ ಬೆಂಚುಗಳಿಲ್ಲದ ನೆಲದ ಮೇಲೆ ಪೈನ್ ಮರದ ಸೂಜಿ ಎಲೆಗಳನ್ನು ಹಾಸಿರುತ್ತಾರೆ, ಗೋಡೆಯ ಉದ್ದಕ್ಕೂ ಸಂತರ ಮೂರ್ತಿಗಳು ನಿಂತಿರುತ್ತವೆ. ಅಲ್ಲಿ ಯೇಸುವೇ ಸೂರ್ಯ, ಮೇರಿಯೇ ಚಂದ್ರ. ಹಾಡಿನಲ್ಲಿ ಬರುವ ಹೆಸರುಗಳು ಸ್ಪೇನಿನಿಂದ ಬಂದವು, ಆದರೆ ಆ ಹೆಸರುಗಳು ಕುಳಿತಿರುವ ಜೋಡಿಸಾಲುಗಳ ಕಟ್ಟು ಮಾಯಾ ಭಾಷೆಯದ್ದೇ. ಹೊಸ ಹೆಸರುಗಳಿಗೆ ಎಡೆ ಮಾಡಿಕೊಟ್ಟೂ ಆ ಕಟ್ಟು ಕೆಡದಿರುವುದನ್ನು ಕಂಡಾಗ, ಇದನ್ನು ಬೆರಕೆ ಎಂದು ಕಳೆದುಬಿಡುವ ವಾದವನ್ನು ನಾನು ಒಪ್ಪಲಾರೆ.

ಪ್ರಾಚೀನ ಕಾಲದ ರಾಗಗಳು ಉಳಿದಿಲ್ಲ, ಏಕೆಂದರೆ ಸ್ವರಗಳನ್ನು ಬರೆದಿಡುವ ಪದ್ಧತಿ ಅವರಲ್ಲಿರಲಿಲ್ಲ. ಎಂಟನೆಯ ಶತಮಾನದ ಕೊನೆಯಲ್ಲಿ ಚಿತ್ರಿಸಿದ, ಪ್ರಾಚೀನ ಮಾಯಾ ನಗರವಾದ ಬೊನಾಂಪಾಕ್‌ನ ಭಿತ್ತಿಚಿತ್ರಗಳಲ್ಲಿ ಕಹಳೆ, ಗಿಲಕಿ, ಆಮೆಚಿಪ್ಪುಗಳನ್ನು ನುಡಿಸುವವರ ಸಾಲೇ ಇದೆ. ಅವರು ಏನು ನುಡಿಸುತ್ತಿದ್ದರು ಎಂಬುದು ನಮಗೆ ಕೇಳಿಸದು. ಪದಗಳ ಕಥೆ ಬೇರೆ. ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿರುವ, ಇನ್ನೊಂದು ಪ್ರಾಚೀನ ಮಾಯಾ ನಗರವಾದ ಯಾಶ್‌ಚಿಲಾನ್‌ನ 24ನೆಯ ಬಾಗಿಲುತೊಲೆಯ ಮೇಲೆ, ಕ್ರಿ.ಶ. 709ರಲ್ಲಿ ನಡೆದ ಆಚರಣೆಯೊಂದರ ಕೆತ್ತನೆಯಿದೆ: ಅರಸ ದೊಂದಿ ಹಿಡಿದು ನಿಂತಿದ್ದಾನೆ, ಅವನ ಮುಂದೆ ರಾಣಿ ಮೊಣಕಾಲೂರಿ ಕುಳಿತು ಮುಳ್ಳಿನ ಹಗ್ಗವನ್ನು ತನ್ನ ನಾಲಿಗೆಯ ಮೂಲಕ ಎಳೆಯುತ್ತಿದ್ದಾಳೆ. ಆ ವ್ರತಕ್ಕೆ ಅಲ್ಲಿ ಕೆತ್ತಿರುವ ಪದ ‘ಚಾಬ್’. ಬೇರೆ ಶಾಸನಗಳಲ್ಲಿ ಇದು ಕತ್ತಲೆ ಎಂಬ ಅರ್ಥದ ‘ಅಕಾಬ್’ ಪದದೊಂದಿಗೆ ಜೋಡಿಯಾಗಿ ಬಂದು, ಸೃಷ್ಟಿಸುವ ಸಾಮರ್ಥ್ಯವನ್ನು ಸೂಚಿಸುತ್ತದೆ. ಅದೇ ಜೋಡಿ ಸುಮಾರು ಸಾವಿರ ವರ್ಷಗಳ ಬಳಿಕ, ಬಕಾಬರ ವಿಧಿಯ ಮಂತ್ರಗಳಲ್ಲಿ, ಅರಸರೂ ಅರಮನೆಗಳೂ ಇಲ್ಲದ ಕಾಲದಲ್ಲಿ, ರೋಗದ ಹುಟ್ಟನ್ನು ಹೇಳುವುದಕ್ಕೆ ಬಳಕೆಯಾಗಿದೆ.